ಟಾರ್ಚಿಗೆ ಬೇಕಿರುವುದು ಹೆಚ್ಚು ಬೆಳಕಲ್ಲ

ಎಲ್‌ಇಡಿ ಟಾರ್ಚನ್ನು ಮನೆಯಲ್ಲೇ ಬಿಚ್ಚಿ ಸುಧಾರಿಸುವ ಹವ್ಯಾಸಕ್ಕೆ ಬಿದ್ದವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದರ ಬೆಳಕನ್ನು ಇನ್ನೂ ಜಾಸ್ತಿ ಮಾಡುವುದು ಹೇಗೆ? ಒಂದು ವ್ಯಾಟಿನ ಎಲ್‌ಇಡಿ ತೆಗೆದು ಮೂರು ವ್ಯಾಟಿನದು ಕೂರಿಸಬಹುದೆ, ರೆಸಿಸ್ಟರ್ ಕಿತ್ತು ನೇರ ತಂತಿ ಕೊಟ್ಟರೆ ಏನಾಗುತ್ತದೆ, ಇನ್ನೊಂದು ಸೆಲ್ ಸೇರಿಸಿದರೆ ಎಷ್ಟು ದೂರ ಬೀಳುತ್ತದೆ ಎಂಬ ಪ್ರಶ್ನೆಗಳೆಲ್ಲ ಆ ಒಂದು ಪ್ರಶ್ನೆಯ ಮರಿಗಳು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹಾಸನ ಜಿಲ್ಲೆಯಲ್ಲಿ ಟಾರ್ಚು ನಿಜಕ್ಕೂ ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಉರಿಯುತ್ತದೆ ಎಂದು ನೋಡಿದರೆ ಉತ್ತರ ಬೇರೆ ದಿಕ್ಕಿಗೆ ಹೊರಳುತ್ತದೆ. ಅಗ್ಗದ ಟಾರ್ಚಿಗೆ ಮಾಡಬಹುದಾದ ಅತ್ಯುತ್ತಮ ಮಾರ್ಪಾಡೆಂದರೆ ಅದರ ಕರೆಂಟನ್ನು ತಗ್ಗಿಸುವುದು, ಬ್ಯಾಟರಿಯನ್ನು ಸರಿಯಾಗಿ ತುಂಬಿಸಿ ಸರಿಯಾದ ಕಡೆ ನಿಲ್ಲಿಸುವುದು, ಬೆಳಕಿನ ಬಣ್ಣವನ್ನು ಕೆಲಸಕ್ಕೆ ತಕ್ಕಂತೆ ಆರಿಸುವುದು. ಪ್ರಖರತೆಯ ವಿಚಾರ ಇವೆಲ್ಲ ಮುಗಿದ ಮೇಲೆ ಬರಬೇಕು ಎಂಬುದು ನನ್ನ ವಾದ.

ಹೊಳೆನರಸೀಪುರದ ಸುತ್ತಮುತ್ತ ನಾಲೆ ನೀರಿನ ಸರದಿ ರಾತ್ರಿ ಬಂದರೆ ರಾತ್ರಿಯೇ ಗುದ್ದಲಿ ಹಿಡಿದು ಗದ್ದೆಗೆ ಇಳಿಯಬೇಕು. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ಮೋಟರಿಗೆ ತ್ರೀ ಫೇಸ್ ಕರೆಂಟು ಪಾಳಿಯ ಲೆಕ್ಕದಲ್ಲಿ ಬರುತ್ತದೆ. ರಾತ್ರಿ ಪಾಳಿ ಬಿದ್ದಾಗ ಸ್ಟಾರ್ಟರ್ ಒತ್ತಲು, ವಾಲ್ವ್ ತಿರುಗಿಸಲು, ಒಡೆದ ಪೈಪು ಹುಡುಕಲು ಎದ್ದು ಹೋಗದೆ ವಿಧಿಯಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಬೆಳೆದು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ತಂಬಾಕನ್ನು ಬ್ಯಾರನ್‌ನಲ್ಲಿ ಬೇಯಿಸುವಾಗ ಹೆಚ್ಚುಕಡಿಮೆ ಒಂದು ವಾರ ಹಗಲು ರಾತ್ರಿ ಉರಿ ಕಾಯಬೇಕು, ಥರ್ಮಾಮೀಟರ್ ನೋಡುತ್ತಿರಬೇಕು, ಎಲೆ ಯಾವ ಬಣ್ಣಕ್ಕೆ ತಿರುಗಿದೆ ಎಂದು ಕಿಂಡಿಯಲ್ಲಿ ಇಣುಕಬೇಕು. ಹಾಸನ ಪಟ್ಟಣದಲ್ಲಿ ಕರೆಂಟು ಹೋದಾಗ ಮೆಟ್ಟಿಲು, ಮೀಟರ್ ಬೋರ್ಡು, ನೀರಿನ ಸಂಪು. ಈ ಎಲ್ಲ ಕೆಲಸಗಳಲ್ಲೂ ನೋಡಬೇಕಾದದ್ದು ಇರುವುದು ಕಾಲಬುಡದಿಂದ ಹತ್ತು ಮೀಟರ್ ಒಳಗೆ. ಬದುವಿನ ಮೇಲೆ ನಡೆಯುವವನಿಗೆ ಕೊಳಕುಮಂಡಲವೋ ಕಟ್ಟುಹಾವೋ ಕಾಣಬೇಕಾದದ್ದು ಮುಂದಿನ ಮೂರು ಹೆಜ್ಜೆಯಲ್ಲಿ, ನೂರು ಮೀಟರ್ ಆಚೆಯ ತೆಂಗಿನ ಗರಿಯ ಮೇಲಲ್ಲ. ಎರಡೂ ರಾತ್ರಿ ಓಡಾಡುವ ವಿಷದ ಹಾವುಗಳು. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚನೆ ಹೊರಡಿಸಿದೆ ಎಂದರೆ ಸಮಸ್ಯೆಯ ಗಾತ್ರ ಊಹಿಸಬಹುದು. ಇಂಥ ಕಡೆ ಬೇಕಿರುವುದು ಹರಡಿದ, ಹದವಾದ, ಬೆಳಗಿನ ಜಾವದವರೆಗೂ ಕೈಕೊಡದ ಬೆಳಕು. ಹತ್ತೇ ನಿಮಿಷ ಧಗಧಗಿಸಿ ಆಮೇಲೆ ಮಿಣುಕುವ ಟಾರ್ಚಿನಿಂದ ಬದುವಿನ ಮೇಲೆ ಅಪಾಯವೇ ಹೆಚ್ಚು. ಪ್ರಖರ ಬೆಳಕು ಕಣ್ಣಿನ ಕತ್ತಲ ಹೊಂದಾಣಿಕೆಯನ್ನೂ ಕೆಡಿಸುತ್ತದೆ. ಅದು ಪೂರ್ತಿ ಮರಳಲು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಬೆಳಕಿನ ವೃತ್ತದ ಆಚೆಗಿನದೆಲ್ಲ ಕಪ್ಪು ಗೋಡೆ.

ಬೆಳಕು ಹೆಚ್ಚಿಸಿದರೆ ದೂರವಾದರೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಯೆ ಎಂದರೆ ಅದೂ ಇಲ್ಲ. ಟಾರ್ಚಿನ ಡಬ್ಬಿಯ ಮೇಲೆ ಬರೆದಿರುವ ‘ಇಷ್ಟು ಮೀಟರ್’ ಎಂಬ ಲೆಕ್ಕಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಒಂದು ಅಳತೆಗೋಲಿದೆ: ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ ಇಳಿಯುವ ದೂರವೇ ಟಾರ್ಚಿನ ದೂರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುವುದರಿಂದ 100 ಮೀಟರ್ ಬೀಳುವ ಕಿರಣಕ್ಕೆ 2,500 ಕ್ಯಾಂಡೆಲಾ ತೀವ್ರತೆ ಸಾಕು, 200 ಮೀಟರಿಗೆ 10,000 ಬೇಕು. ದೂರ ಎರಡು ಪಟ್ಟಾಗಲು ಬೆಳಕು ನಾಲ್ಕು ಪಟ್ಟಾಗಬೇಕು. ಇದನ್ನೇ ತಿರುಗಿಸಿ ನೋಡಿ: ಬೆಳಕನ್ನು ಅರ್ಧಕ್ಕೆ ಇಳಿಸಿದರೂ 100 ಮೀಟರ್ ಬೀಳುತ್ತಿದ್ದದ್ದು 70 ಮೀಟರ್ ಬೀಳುತ್ತದೆ. ಕಳೆದುಕೊಂಡದ್ದು ಆ ಕೊನೆಯ 30 ಮೀಟರ್ ಮಾತ್ರ, ಅಲ್ಲಿ ಇದ್ದದ್ದೂ ಬೆಳದಿಂಗಳಷ್ಟೇ ಬೆಳಕು. ಇದರ ಜೊತೆಗೆ ನಮ್ಮ ಕಣ್ಣು ಬೆಳಕನ್ನು ತಕ್ಕಡಿಯ ಹಾಗೆ ತೂಗುವುದಿಲ್ಲ. ಅರ್ಧಕ್ಕೆ ಇಳಿದ ಬೆಳಕು ನೋಡುವವನಿಗೆ ಅರ್ಧ ಎಂದು ಅನ್ನಿಸುವುದೇ ಇಲ್ಲ, ಕೊಂಚ ಮಂಕಾಯಿತು ಎನ್ನಿಸುತ್ತದೆ ಅಷ್ಟೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಕರೆಂಟು ತಗ್ಗಿಸುವುದರಲ್ಲಿ ನಷ್ಟ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ.

ಲಾಭ ಎಷ್ಟೆಂದು ತಿಳಿಯಲು ಟಾರ್ಚಿನ ಹೊಟ್ಟೆ ನೋಡಬೇಕು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಿಗುವ, ಹಿಂಬದಿಯಲ್ಲಿ ಮಡಚುವ ಎರಡು ಪಿನ್ನಿನ ಪ್ಲಗ್ ಇರುವ ಪ್ಲಾಸ್ಟಿಕ್ ಟಾರ್ಚಿನ ಮೂರು ನಾಲ್ಕು ಸ್ಕ್ರೂ ಬಿಚ್ಚಿ. ಒಳಗೆ ಬೂದು ಅಥವಾ ಕಪ್ಪು ಬಣ್ಣದ 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಪಕ್ಕದಲ್ಲಿ ಉಗುರಿನಷ್ಟಗಲದ ಬೋರ್ಡು, ಅದರ ಮೇಲೆ ಕಂದುಕೆಂಪು ಬಣ್ಣದ ಚಪ್ಪಟೆ ಕೆಪಾಸಿಟರ್. ಮೈಮೇಲೆ ‘105’ ಎಂದಿದ್ದರೆ ಅದು 1 ಮೈಕ್ರೋಫ್ಯಾರಡ್, ‘474’ ಎಂದಿದ್ದರೆ 0.47. ನಾಲ್ಕು ಡಯೋಡು, ಒಂದೆರಡು ರೆಸಿಸ್ಟರ್, ಚಾರ್ಜ್ ತೋರಿಸುವ ಕೆಂಪು ದೀಪ. ಇಷ್ಟೆ. ಟ್ರಾನ್ಸ್‌ಫಾರ್ಮರ್ ಇಲ್ಲ, ಬ್ಯಾಟರಿ ತುಂಬಿದಾಗ ನಿಲ್ಲಿಸುವ ವ್ಯವಸ್ಥೆ ಇಲ್ಲ, ಬರಿದಾದಾಗ ಕಡಿಯುವ ವ್ಯವಸ್ಥೆಯೂ ಇಲ್ಲ. 230 ವೋಲ್ಟಿಗೆ ಸಿಕ್ಕಿಸಿದಾಗ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 65 ಮಿಲಿಆಂಪಿಯರ್ ಹರಿಯಬಿಡುತ್ತದೆ. 800 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಅದರಿಂದ ತುಂಬಲು 12 ಗಂಟೆಗೂ ಮೀರಿ ಬೇಕು. ಸಂಜೆ ಸಿಕ್ಕಿಸಿ ಮರೆತವರ ಮನೆಯಲ್ಲಿ ತುಂಬಿದ ಮೇಲೂ ಕರೆಂಟು ಹರಿಯುತ್ತಲೇ ಇರುತ್ತದೆ, ಒಳಗಿನ ನೀರಿನಂಶ ಅನಿಲವಾಗಿ ಹೋಗುತ್ತದೆ. ಮುಚ್ಚಿದ ಬ್ಯಾಟರಿಯಾದ್ದರಿಂದ ಮತ್ತೆ ತುಂಬಿಸುವಂತಿಲ್ಲ. ಬಳಸುವಾಗಲೋ ಬೆಳಕು ಪೂರ್ತಿ ಸಾಯುವವರೆಗೂ ಉರಿಸಿ, ಬರಿದಾದದ್ದನ್ನು ಹಾಗೆಯೇ ಗೂಟಕ್ಕೆ ನೇತುಹಾಕುತ್ತೇವೆ. ಬರಿದಾದ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟಿ ಕೂರುತ್ತದೆ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ‘ಒಂದು ಮಳೆಗಾಲ ಬಾಳಲಿಲ್ಲ’ ಎಂದು ಬೈಸಿಕೊಳ್ಳುವ ಟಾರ್ಚುಗಳಲ್ಲಿ ಎಲ್‌ಇಡಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸತ್ತಿರುವುದು ಬ್ಯಾಟರಿ, ಅದನ್ನು ಕೊಂದದ್ದು ಚಾರ್ಜಿಂಗ್ ಪದ್ಧತಿ.

ಬ್ಯಾಟರಿಯನ್ನು ತುಂಬಿಸುವ, ಬರಿದು ಮಾಡುವ ಶಿಸ್ತನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬಹುದು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಹಾಸನದಲ್ಲೇ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಭೂಸ್ಥಿರ ಕಕ್ಷೆಯ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುವುದು ಅಲ್ಲಿಂದ. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಆಸುಪಾಸಿನ ಸುಮಾರು 45 ದಿನ, ಆ ಉಪಗ್ರಹಗಳು ದಿನಾ ಸ್ವಲ್ಪ ಹೊತ್ತು ಭೂಮಿಯ ನೆರಳಿಗೆ ಸಿಕ್ಕುತ್ತವೆ. ಅತಿ ದೀರ್ಘ ನೆರಳು 70 ನಿಮಿಷ ದಾಟುತ್ತದೆ. ಅಷ್ಟೂ ಹೊತ್ತು ಬ್ಯಾಟರಿಯೇ ಗತಿ, ಅದೂ ರಿಪೇರಿಗೆ ಯಾರೂ ಹೋಗಲಾಗದ 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಬ್ಯಾಟರಿಯನ್ನು ಎಷ್ಟು ಆಳಕ್ಕೆ ಬರಿದು ಮಾಡಬಹುದು, ಎಷ್ಟು ವೋಲ್ಟಿಗೆ ತುಂಬುವುದನ್ನು ನಿಲ್ಲಿಸಬೇಕು, ಎಷ್ಟು ಬಿಸಿಯಾಗಬಾರದು ಎಂಬ ಮೂರು ಮಿತಿಗಳ ಮೇಲೆ ಹತ್ತಾರು ವರ್ಷಗಳ ಸೇವೆ ನಿಂತಿದೆ. ಅದೇ ಮೂರು ಮಿತಿಗಳು ಟಾರ್ಚಿಗೂ ಅನ್ವಯಿಸುತ್ತವೆ, ಅವನ್ನು ಜಾರಿಗೆ ತರುವ ಬಿಡಿಭಾಗಗಳು ಇವತ್ತು ಅತಿ ಅಗ್ಗ. ಅಷ್ಟಾಗಿಯೂ ಬೆಳಕು ಹೆಚ್ಚಿಸುವ ಕಡೆಗೇ ಹವ್ಯಾಸಿಗಳ ಉತ್ಸಾಹ ಹರಿದುಹೋಗುವುದು ನನಗೆ ಬೇಸರದ ಸಂಗತಿ.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಸಲ ಕೈ ಹಾಕುವವರಿಗೆ ನನ್ನ ಸಲಹೆ: ಆ ಕೆಪಾಸಿಟರ್ ಬೋರ್ಡು, ಮಡಚುವ ಪ್ಲಗ್, ಸೀಸದ ಬ್ಯಾಟರಿ ಮೂರನ್ನೂ ಹೊರತೆಗೆಯಿರಿ. ಉಳಿಯುವುದು ಕವಚ, ಸ್ವಿಚ್ಚು, ರಿಫ್ಲೆಕ್ಟರು, ಎಲ್‌ಇಡಿ. ಒಳಗೆ ಮೂರು ಪೆನ್‌ಟಾರ್ಚ್ ಗಾತ್ರದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳ ಹೋಲ್ಡರ್ ಕೂರಿಸಿ, ಒಂದೊಂದು 1.2 ವೋಲ್ಟ್, ಮೂರು ಸೇರಿ 3.6. ಇವನ್ನು ಹೊರತೆಗೆದು ಅವುಗಳದೇ ಚಾರ್ಜರಿನಲ್ಲಿ ತುಂಬಿಸಬಹುದು, ಬೆಂಕಿಯ ಭಯ ತೀರಾ ಕಡಿಮೆ. ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಅದನ್ನು ಮೀರಿ ಒಂದಿಷ್ಟು ಏರಿದರೂ ಕರೆಂಟು ಹಲವು ಪಟ್ಟು ಜಿಗಿಯುತ್ತದೆ. ನಾಲೆಗೆ ತೂಬು ಇದ್ದ ಹಾಗೆ ಮಧ್ಯೆ ಒಂದು ರೆಸಿಸ್ಟರ್ ಇರಲೇಬೇಕು. ಕೈ ಪಳಗಿದ ಮೇಲೆ 18650 ಎಂಬ ಲಿಥಿಯಂ ಸೆಲ್ಲಿಗೆ ಹೋಗಬಹುದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂಬುದೇ ಆ ಸಂಖ್ಯೆಯ ಅರ್ಥ. ಇದು ತುಂಬಿದಾಗ 4.2 ವೋಲ್ಟ್, ಸರಾಸರಿ 3.7. ಒಂದು ವ್ಯಾಟಿನ ಎಲ್‌ಇಡಿ ಜೊತೆ 4.7 ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಹಾಕಿದರೆ 3.7ರಲ್ಲಿ 0.7 ವೋಲ್ಟ್ ರೆಸಿಸ್ಟರಿನ ಪಾಲು, 0.7ನ್ನು 4.7ರಿಂದ ಭಾಗಿಸಿದರೆ ಹೆಚ್ಚುಕಡಿಮೆ 150 ಮಿಲಿಆಂಪಿಯರ್. ತುಂಬಿದ ಸೆಲ್ಲಿನಲ್ಲಿ ಇದು 250ರ ಹತ್ತಿರ ಹೋಗುತ್ತದೆ, ಬರಿದಾಗುತ್ತ ಬಂದಂತೆ ತಾನೇ ಇಳಿಯುತ್ತದೆ. ಆ ಎಲ್‌ಇಡಿಯ ಪೂರ್ಣ ಕರೆಂಟು 350. ಅದರ ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ ಅರ್ಧದಷ್ಟು ಬೆಳಕು ಸಿಗುತ್ತದೆ, ಏಕೆಂದರೆ ಕರೆಂಟು ಕಡಿಮೆಯಾದಂತೆ ಎಲ್‌ಇಡಿಯ ದಕ್ಷತೆ ಹೆಚ್ಚುತ್ತದೆ. 2,000 ಮಿಲಿಆಂಪಿಯರ್-ಗಂಟೆಯ ಸೆಲ್ 350ರಲ್ಲಿ ಆರು ಗಂಟೆ ಮುಟ್ಟುವುದೂ ಕಷ್ಟ. ಈ ಜೋಡಣೆಯಲ್ಲಿ ಒಂದು ಇಡೀ ರಾತ್ರಿ ದಾಟುತ್ತದೆ. ಪ್ಲಾಸ್ಟಿಕ್ ಕವಚಕ್ಕೆ ಶಾಖ ಹೊರಹಾಕುವ ಶಕ್ತಿ ಕಡಿಮೆ, ಎಲ್‌ಇಡಿಗೆ ಹೋದ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿಯೇ ಬರುತ್ತದೆ. ಮೂರು ವ್ಯಾಟ್ ತುರುಕಿದ ಟಾರ್ಚುಗಳು ಮೊದಲು ನೀಲಿಗೆ ತಿರುಗಿ ಆಮೇಲೆ ಮಂಕಾಗಿ ಸಾಯುವುದು ಈ ಕಾರಣಕ್ಕೆ. ಅರ್ಧ ವ್ಯಾಟಿನಲ್ಲಿ ಆ ತೊಂದರೆ ಏಳುವುದೇ ಇಲ್ಲ.

ಬಣ್ಣದ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ, ನನ್ನ ಪ್ರಕಾರ ಈ ಹವ್ಯಾಸದ ಅತ್ಯಂತ ಸಾರ್ಥಕ ಭಾಗ ಅದು. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪ. ಆ ನೀಲಿಯನ್ನು ಸಾಧಿಸಿದ್ದಕ್ಕೇ ಜಪಾನಿನಲ್ಲಿ ಹುಟ್ಟಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಅಗ್ಗದ ಟಾರ್ಚುಗಳಲ್ಲಿ ಲೇಪ ತೆಳು, ನೀಲಿ ಹೆಚ್ಚು, ಕೆಂಪು ತೀರಾ ಕಡಿಮೆ. ಕೆಂಪಿಲ್ಲದ ಬೆಳಕಿನಲ್ಲಿ ಕಂದು, ಕಿತ್ತಳೆ, ಒಣಹುಲ್ಲಿನ ಬಣ್ಣ ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲದ ಮೈಮೇಲಿನ ಕಂದು ಸರಪಳಿ ಚಿತ್ತಾರ ತರಗೆಲೆಯಿಂದ ಬೇರೆಯಾಗಿ ಕಾಣಬೇಕಾದರೆ ಬೆಳಕಿನಲ್ಲಿ ಕೆಂಪು ಬೇಕು. ತಂಬಾಕು ಬ್ಯಾರನ್ನಿನ ಕಿಂಡಿಯಲ್ಲಿ ಇದು ದುಡ್ಡಿನ ಪ್ರಶ್ನೆಯೇ ಆಗುತ್ತದೆ. ಎಲೆ ಹಸಿರು ಬಿಟ್ಟು ಹಳದಿಗೆ ತಿರುಗುವ ಹಂತ ಮುಗಿದ ಮೇಲೆ ಉರಿ ಏರಿಸಬೇಕು. ಬೇಗ ಏರಿಸಿದರೆ ಹಸಿರು ಹಾಗೇ ಉಳಿಯುತ್ತದೆ, ತಡ ಮಾಡಿದರೆ ಎಲೆ ಕಂದಾಗುತ್ತದೆ, ಎರಡರಲ್ಲೂ ಹರಾಜಿನಲ್ಲಿ ದರ್ಜೆ ಇಳಿಯುತ್ತದೆ. ನೀಲಿ ಬೆಳಕಿನಲ್ಲಿ ಎಳೆ ಹಳದಿಗೂ ಮಾಸಲು ಹಸಿರಿಗೂ ವ್ಯತ್ಯಾಸ ಹಿಡಿಯುವುದು ಕಷ್ಟ. ಹಳೆಯ ಬಲ್ಬಿನ ಬೆಳಕನ್ನು ಹೋಲುವ, ಬಣ್ಣವನ್ನು ನಿಜಕ್ಕೆ ಹತ್ತಿರವಾಗಿ ತೋರಿಸುವ ಎಲ್‌ಇಡಿಗಳು ಬಿಡಿಯಾಗಿ ಸಿಗುತ್ತವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನಿನಲ್ಲಿ ಕೊಳ್ಳುವಾಗ 3,000ದಿಂದ 4,000 ಕೆಲ್ವಿನ್, ಬಣ್ಣದ ನೈಜತೆಯ ಅಳತೆಯಾದ ಸಿಆರ್‌ಐ 90ಕ್ಕೆ ಮೇಲು ಎಂದು ಕೇಳಿ. ಹಳೆಯ ಎಲ್‌ಇಡಿಯ ಎರಡು ಬೆಸುಗೆ ಬಿಡಿಸಿ ಹೊಸದರ ಎರಡು ಬೆಸುಗೆ ಹಾಕಿದರೆ ಕೆಲಸ ಆಯಿತು. ಬೆಳಕಿನ ಪ್ರಮಾಣ ಸ್ವಲ್ಪ ಕಡಿಮೆಯಾಗುತ್ತದೆ, ಕಾಣುವುದು ಮಾತ್ರ ಹೆಚ್ಚಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ದುಡ್ಡಿನದು: ನೂರೈವತ್ತು ಇನ್ನೂರು ರೂಪಾಯಿಗೆ ಹೊಸ ಟಾರ್ಚು ಸಿಗುವಾಗ ಯಾಕಿಷ್ಟು ಪಾಡು? ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಲೆಕ್ಕ ಹಾಕಿದರೆ ಮೊದಲ ಟಾರ್ಚಿನಲ್ಲಿ ಖರ್ಚೇ ಹೆಚ್ಚು ಎಂಬುದು ನಿಜ. ಆದರೆ ಹೊಸದನ್ನು ಕೊಂಡವನಿಗೆ ಸಿಗುವುದು ಅದೇ ಕೆಪಾಸಿಟರ್, ಅದೇ ಬ್ಯಾಟರಿ, ಅದೇ ಗತಿ. ಉಪಕರಣಗಳು ವರ್ಷಾನುಗಟ್ಟಲೆ ಉಳಿಯುತ್ತವೆ, ಮನೆಯ ಎಮರ್ಜೆನ್ಸಿ ದೀಪಕ್ಕೂ ಮಕ್ಕಳ ಆಟಿಕೆಗೂ ಆಗುತ್ತವೆ. ಮೊಬೈಲಿನಲ್ಲೇ ಟಾರ್ಚು ಇದೆಯಲ್ಲ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ರಾತ್ರಿ ತೋಟದಲ್ಲಿ ಹಾವು ಕಡಿದರೆ ಆಸ್ಪತ್ರೆಗೆ ಕರೆ ಮಾಡಲು ಚಾರ್ಜ್ ಉಳಿದಿರಬೇಕಾದ ಸಾಧನ ಅದು, ಕೆಸರಿಗೆ ಬೀಳಿಸುವಂಥದಲ್ಲ.

ಆನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಆಲೂರು, ಸಕಲೇಶಪುರ, ಬೇಲೂರಿನ ಕಡೆ, ಅರಕಲಗೂಡಿನ ಕೊಡಗು ಗಡಿಯಂಚಿನಲ್ಲಿ ಓಡಾಡುವವರಿಗೆ ಹತ್ತು ಮೀಟರಿನ ಬೆಳಕು ಸಾಲದು, ಕಾಡಾನೆ ದೂರದಲ್ಲೇ ಕಾಣಬೇಕು. ಇದನ್ನು ಒಪ್ಪಲೇಬೇಕು. ಅದಕ್ಕೂ ಇದೇ ಟಾರ್ಚಿನಲ್ಲಿ ದಾರಿಯಿದೆ: ಇನ್ನೊಂದು 4.7 ಓಮ್ ರೆಸಿಸ್ಟರನ್ನು ಒತ್ತುಗುಂಡಿಯ ಮೂಲಕ ಮೊದಲನೆಯದಕ್ಕೆ ಸಮಾನಾಂತರವಾಗಿ ಕೊಟ್ಟರೆ, ಒತ್ತಿ ಹಿಡಿದಷ್ಟು ಹೊತ್ತು ಕರೆಂಟು ಎರಡು ಪಟ್ಟಿನ ಹತ್ತಿರ ಬರುತ್ತದೆ, ಬಿಟ್ಟೊಡನೆ ಇಳಿಯುತ್ತದೆ. ಆಗಾಗ ದೂರ ನೋಡಲು ಅದು, ನಡೆಯಲು ಇದು. ಆದರೆ ಟಾರ್ಚು ಎಷ್ಟೇ ಪ್ರಖರವಾಗಿದ್ದರೂ ಆನೆಯನ್ನು ಓಡಿಸುವ ಆಯುಧವಾಗಲಾರದು. ಕಣ್ಣಿಗೆ ಬೆಳಕು ಬಿಟ್ಟು ಕೆಣಕಿದರೆ ಆನೆ ನುಗ್ಗಬಹುದು. ಹಿಂಡು ಎಲ್ಲಿದೆ ಎಂದು ಅರಣ್ಯ ಇಲಾಖೆಯವರನ್ನು ಕೇಳಿ ಆ ರಾತ್ರಿ ಹೋಗದೆ ಇರುವುದೇ ಕ್ಷೇಮ.

ಅಪಾಯದ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಪೂರ್ತಿ ಒಪ್ಪುತ್ತೇನೆ. ಹಳೆಯ ಟಾರ್ಚಿನ ಬೋರ್ಡು ಪ್ಲಗ್‌ಗೆ ಸಿಕ್ಕಿಸಿದಾಗ ಒಳಗಿನ ಪ್ರತಿಯೊಂದು ತಂತಿಯೂ 230 ವೋಲ್ಟಿನ ಲೈನಿಗೆ ನೇರವಾಗಿ ಸೇರಿರುತ್ತದೆ, ಬ್ಯಾಟರಿಯ ತುದಿಗಳೂ ಸೇರಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಹೊಡೆಯಬಲ್ಲದು. ತೆರೆದ ಟಾರ್ಚನ್ನು ಯಾವ ಕಾರಣಕ್ಕೂ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಬಾರದು. ಆ ಬೋರ್ಡನ್ನು ತೆಗೆದೇ ಹಾಕಿ ಎಂದು ಮೇಲೆ ಹೇಳಿದ್ದೂ ಇದಕ್ಕಾಗಿ. ಲಿಥಿಯಂ ಸೆಲ್ಲಿನ ಮೇಲೆ ನೇರ ಸೋಲ್ಡರಿಂಗ್ ಐರನ್ ಇಡಬಾರದು, ಹೋಲ್ಡರ್ ಬಳಸಬೇಕು. ಚಾರ್ಜಿಂಗಿಗೆ ಟಿಪಿ4056 ಎಂಬ ಪುಟ್ಟ ಬೋರ್ಡು ಸಿಗುತ್ತದೆ, 4.2 ವೋಲ್ಟಿಗೆ ತಾನೇ ನಿಲ್ಲುತ್ತದೆ. ಔಟ್‌ಪುಟ್ ತುದಿಗಳು ಪ್ರತ್ಯೇಕ ಇರುವ, ರಕ್ಷಣಾ ಚಿಪ್ ಸಹಿತವಾದದ್ದನ್ನೇ ಕೊಳ್ಳಿ. ಅದು ಸೆಲ್ ಅತಿಯಾಗಿ ಬರಿದಾಗುವುದನ್ನೂ ತಡೆಯುತ್ತದೆ. ಆ ಬೋರ್ಡನ್ನು ತಯಾರಿಸುವಾಗಲೇ 1 ಆಂಪಿಯರಿಗೆ ಹೊಂದಿಸಿರುತ್ತಾರೆ. ದೊಡ್ಡ ಸೆಲ್ಲಿಗೆ ಅದು ಸರಿ, 500 ಮಿಲಿಆಂಪಿಯರ್-ಗಂಟೆಯ ಚಿಕ್ಕ ಸೆಲ್ಲಿಗೆ ಮಿತಿಮೀರಿದ್ದು. ಮಧ್ಯಮ ಗಾತ್ರದ ಸೆಲ್ಲಿಗೆ ಬೋರ್ಡಿನ 1.2 ಕಿಲೋಓಮ್ ರೆಸಿಸ್ಟರ್ ಬದಲು 2.4 ಹಾಕಿದರೆ ಅರ್ಧ ಆಂಪಿಯರ್ ಆಗುತ್ತದೆ. ಸೆಲ್ ಮೇಲೆ 9,900 ಎಂದು ಬರೆದಿದ್ದರೆ ಮುಟ್ಟಬೇಡಿ: ಒಳ್ಳೆಯ 18650 ಸೆಲ್ಲಿನ ಸಾಮರ್ಥ್ಯವೂ 3,500ರ ಆಸುಪಾಸು, ತೂಕ 45 ಗ್ರಾಮಿನ ಹತ್ತಿರ. ತೀರಾ ಹಗುರವಾಗಿದ್ದರೆ ಅದು ಖೋಟಾ. ಬಿಐಎಸ್ ನೋಂದಣಿ ಗುರುತು ಇರುವುದನ್ನೇ ಕೇಳಿ. ಇಷ್ಟೆಲ್ಲ ಓದಿ ಭಯವಾದರೆ ನಿಕಲ್ ಸೆಲ್‌ಗಳಲ್ಲೇ ನಿಲ್ಲಿ, ಬೆಳಕಿಗೇನೂ ಕೊರತೆಯಾಗುವುದಿಲ್ಲ.

ಹೊರತೆಗೆದ ಸೀಸದ ಬ್ಯಾಟರಿಯನ್ನು ಮಾತ್ರ ತಿಪ್ಪೆಗೆ ಎಸೆಯಬೇಡಿ, ಒಡೆದು ನೋಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಒಳಗೆ ಸೀಸವಿದೆ, ಗಂಧಕಾಮ್ಲವಿದೆ. ತಿಪ್ಪೆಯಿಂದ ಅದು ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಯಾವುದೇ ಬ್ಯಾಟರಿಯನ್ನು ಮನೆಯ ಕಸದಿಂದ ಬೇರೆಯಾಗಿಡುವುದು ಬಳಸಿದವರ ಕರ್ತವ್ಯ. ಸೀಸಕ್ಕೆ ಬೆಲೆ ಇರುವುದರಿಂದ ವಾಹನ, ಯುಪಿಎಸ್ ಬ್ಯಾಟರಿ ಮಾರುವ ಅಂಗಡಿಗಳು ಹಳೆಯದನ್ನು ತೆಗೆದುಕೊಳ್ಳುತ್ತವೆ. ಮನೆಯಲ್ಲಿ ಕೆಟ್ಟು ಬಿದ್ದಿರುವ ಟಾರ್ಚುಗಳ ಬ್ಯಾಟರಿಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಿ, ಮುಂದಿನ ಸಲ ಪೇಟೆಗೆ ಹೋಗುವಾಗ ಅಲ್ಲಿಗೆ ಕೊಟ್ಟು ಬನ್ನಿ.